ಗ್ವಾದರ್‌ನಲ್ಲಿ ಗುಂಡು, ಭಟ್ಕಳಕ್ಕೇನು?

ವಿಜಯನಗರದ ಕಾಲದಲ್ಲಿ ಹೊರ್ಮುಜ್‌ನಿಂದ ಹೊರಟ ಕುದುರೆಗಳು ಇಳಿಯುತ್ತಿದ್ದುದು ನಮ್ಮ ಭಟ್ಕಳ, ಹೊನ್ನಾವರದ ಬಂದರುಗಳಲ್ಲಿ. ಅದೇ ಹೊರ್ಮುಜ್ ಜಲಸಂಧಿಯಿಂದ ಈಚೆಗೆ, ಹೆಚ್ಚು ದೂರವಿಲ್ಲದೆ, ಪಾಕಿಸ್ತಾನದ ಗ್ವಾದರ್ ಇದೆ.

2013ರಿಂದ ಆ ಬಂದರನ್ನು ನಡೆಸುತ್ತಿರುವುದು ಚೀನಾದ ಕಂಪನಿ. 2015ರಲ್ಲಿ ಚೀನಾ-ಪಾಕಿಸ್ತಾನ ಆರ್ಥಿಕ ಕಾರಿಡಾರ್‌ಗೆಂದು ಘೋಷಿಸಿದ ಮೊತ್ತ 4,600 ಕೋಟಿ ಡಾಲರ್. ಆದರೆ ನೆಲ ಬಲೂಚ್ ಜನರದು. ಪ್ರತ್ಯೇಕ ದೇಶ ಬೇಕೆನ್ನುವ ಬಲೂಚ್ ಲಿಬರೇಶನ್ ಆರ್ಮಿ 2019ರಲ್ಲಿ ಅಲ್ಲಿನ ಪಂಚತಾರಾ ಹೋಟೆಲ್‌ಗೆ ನುಗ್ಗಿತು. 2024ರ ಮಾರ್ಚ್‌ನಲ್ಲಿ ಬಂದರು ಪ್ರಾಧಿಕಾರದ ಆವರಣದ ಮೇಲೇ ದಾಳಿ. ಚೀನೀಯರ ಕಾವಲಿಗೆಂದೇ ಪಾಕಿಸ್ತಾನದ ಸೇನೆ ಒಂದು ಡಿವಿಷನ್ ಕಟ್ಟಬೇಕಾಯಿತು. ಕಾವಲಿನ ಖರ್ಚೂ ಬಂಡವಾಳದ ಲೆಕ್ಕಕ್ಕೇ ಬೀಳುತ್ತದೆ, ನೋಡಿ.

ಬಂದೂಕು ಹಿಡಿಯದ ಸಿಟ್ಟೂ ಅಲ್ಲಿದೆ. 2021ರಲ್ಲಿ ಮೀನುಗಾರರು ಟ್ರಾಲರ್, ಚೆಕ್‌ಪೋಸ್ಟ್‌ಗಳ ವಿರುದ್ಧ ಬೀದಿಗಿಳಿದರು. ಹೊನ್ನಾವರದ ಕಾಸರಕೋಡಿನವರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ. ಖಾಸಗಿ ಬಂದರಿನ ವಿರುದ್ಧ ಹೋರಾಡಿದವರು ಅವರು. ಇಂಥ ಹೋರಾಟಕ್ಕೆ ಬಂಡುಕೋರತನದ ಹಣೆಪಟ್ಟಿ ಹಚ್ಚುವುದು ತಪ್ಪು.

ನಮಗೇನು ಅಂತೀರಾ? ಭಟ್ಕಳದ ಎಷ್ಟೋ ಮನೆಗಳಿಗೆ ಹಣ ಬರುವುದು ಅದೇ ಹೊರ್ಮುಜ್‌ನ ಆಚೆಗಿನ ಕೊಲ್ಲಿ ದೇಶಗಳಿಂದ. ಕುಮಟಾದ ಉತ್ತರಕ್ಕೆ, ಕಾರವಾರದ ಕದಂಬ ನೌಕಾನೆಲೆ ಬೆಳೆಯುತ್ತಿರುವುದು ಅರಬ್ಬೀ ಸಮುದ್ರದ ಕಾವಲಿಗೇ. ಮುಂದಿನ ಸಲ ಗ್ವಾದರ್ ಸುದ್ದಿ ಬಂದರೆ ಸ್ಕ್ರೋಲ್ ಮಾಡಿ ಹೋಗಬೇಡಿ.