ಅಡಿಕೆ ತೋಟದ ಕೋವಿ: ಕೇಪಿನದೋ, ತೋಟಾದ್ದೋ?

ಉತ್ತರ ಕನ್ನಡದ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಕೋವಿ ಉಳಿದುಕೊಂಡಿರುವುದು ಬೇಟೆಯ ಹವ್ಯಾಸದಿಂದಲ್ಲ, ತೋಟದ ಕಾವಲಿಗಾಗಿ. ಮಾಂಸ ಮುಟ್ಟದ ಹವ್ಯಕರ ಮನೆಗಳಲ್ಲೂ ಅದು ಗೋಡೆಗೆ ತೂಗುತ್ತಿರುವುದಕ್ಕೆ ಮಂಗ, ಕಾಡುಹಂದಿ, ಕೆಂದಳಿಲುಗಳ ಕಾಟವೇ ಕಾರಣ. ಹೊಸ ಕೋವಿ ಕೊಳ್ಳುವ ಅಥವಾ ಅಜ್ಜನ ಕಾಲದ್ದನ್ನು ಬದಲಿಸುವ ಯೋಚನೆಯಲ್ಲಿರುವ ಕೃಷಿಕನ ಮುಂದಿರುವ ಆಯ್ಕೆ ಎರಡೇ: ನಳಿಗೆಯ ಬಾಯಿಯಿಂದ ಮಸಿ (ಮದ್ದಿನ ಪುಡಿ), ಚರೆ (ಸಣ್ಣ ಸೀಸದ ಗುಂಡು) ತುಂಬಿ ಹೊಡೆಯುವ ಕೇಪಿನ ಕೋವಿ, ಇಲ್ಲವೇ ನಳಿಗೆಯ ಹಿಂಬದಿಯನ್ನು ತೆರೆದು ತೋಟಾ ಇಡುವ 12 ಬೋರಿನ ತೋಟಾ ಕೋವಿ. ಪರವಾನಗಿ ಪುಸ್ತಕದಲ್ಲಿ ಒಂಟಿ ನಳಿಗೆಯ ಕೇಪಿನ ಕೋವಿ ಎಸ್‌ಬಿಎಂಎಲ್ ಎಂದೂ, ತೋಟಾ ಕೋವಿಯು ಒಂಟಿ ನಳಿಗೆಯದಾದರೆ ಎಸ್‌ಬಿಬಿಎಲ್, ಜೋಡಿ ನಳಿಗೆಯದಾದರೆ ಡಿಬಿಬಿಎಲ್ ಎಂದೂ ನಮೂದಾಗುತ್ತದೆ.

ಹೊರದೇಶಗಳ ಹಕ್ಕಿ ಬೇಟೆಗಾರರಲ್ಲಿ ನಡೆಯುವ ಚರ್ಚೆಯೇ ಬೇರೆ. ಅಲ್ಲಿ ತೂಗಿ ನೋಡುವುದು ಸೆಮಿ ಆಟೋಮ್ಯಾಟಿಕ್ ಕೋವಿಗಳನ್ನು, ಅಂದರೆ ಟ್ರಿಗರ್ ಎಳೆದಾಗಲೆಲ್ಲ ಒಂದು ಈಡು ಹಾರಿ, ಖಾಲಿ ತೋಟಾ ತಾನಾಗಿ ಹೊರಬಿದ್ದು, ಮುಂದಿನ ತೋಟಾ ತಾನಾಗಿ ನಳಿಗೆಗೆ ಸೇರುವ ಕೋವಿಗಳನ್ನು. ಅಮೆರಿಕದ ಜಾನ್ ಬ್ರೌನಿಂಗ್ ರೂಪಿಸಿ, ಬೆಲ್ಜಿಯಂನ ಎಫ್‌ಎನ್ ಕಾರ್ಖಾನೆ 20ನೇ ಶತಮಾನದ ಆರಂಭದಲ್ಲಿ ತಯಾರಿಸತೊಡಗಿದ ಆಟೋ-5 ಈ ಬಗೆಯ ಹಿರಿಯಣ್ಣ. ಇಂದಿನವುಗಳಲ್ಲಿ ಮುಖ್ಯವಾಗಿ ಎರಡು ಪದ್ಧತಿಗಳಿವೆ. ಒಂದರಲ್ಲಿ ಸಿಡಿದ ಮದ್ದಿನ ಅನಿಲದ ಒಂದಂಶವನ್ನೇ ಬಳಸಿಕೊಂಡು ಯಂತ್ರ ಹಿಂದಕ್ಕೆ ಸರಿಯುವುದರಿಂದ ಹೆಗಲಿಗೆ ಬೀಳುವ ಒದೆತ ಕಡಿಮೆಯಾಗುತ್ತದೆ, ಆದರೆ ಒಳಗೆ ಕರಿ ಕಟ್ಟುವುದರಿಂದ ಆಗಾಗ ಬಿಚ್ಚಿ ತೊಳೆಯಬೇಕಾಗುತ್ತದೆ. ಇಟಲಿಯ ಬೆನೆಲ್ಲಿ ಕಂಪನಿ ಹೆಸರು ಮಾಡಿರುವ ಇನ್ನೊಂದು ಪದ್ಧತಿಯಲ್ಲಿ ಕೋವಿಯ ಒದೆತವೇ ಒಂದು ಸ್ಪ್ರಿಂಗನ್ನು ಅದುಮಿ ಯಂತ್ರವನ್ನು ನಡೆಸುವುದರಿಂದ ಕೋವಿ ಹಗುರವಾಗಿಯೂ ಚೊಕ್ಕವಾಗಿಯೂ ಉಳಿಯುತ್ತದೆ, ಹೆಗಲಿಗೆ ಮಾತ್ರ ಪೆಟ್ಟು ಹೆಚ್ಚು. ಇಷ್ಟು ಬಿರುಸಿನ ಆಯುಧಕ್ಕೆ ಅಮೆರಿಕವೇ 1935ರಷ್ಟು ಹಿಂದೆ ಕಡಿವಾಣ ಹಾಕಿದ್ದು, ವಲಸೆ ಹಕ್ಕಿಗಳ ಬೇಟೆಯಲ್ಲಿ ಕೋವಿಯೊಳಗೆ ಮೂರಕ್ಕಿಂತ ಹೆಚ್ಚು ತೋಟಾ ಇರಬಾರದೆಂಬ ನಿಯಮ ಅಲ್ಲಿ ಈಗಲೂ ಇದೆ.

ಈ ಚರ್ಚೆ ಉತ್ತರ ಕನ್ನಡಕ್ಕೆ ಎರಡು ಕಾರಣಗಳಿಂದ ಹೊಂದುವುದಿಲ್ಲ. ಮೊದಲನೆಯದಾಗಿ, 2016ರ ಶಸ್ತ್ರಾಸ್ತ್ರ ನಿಯಮಗಳು ಸೆಮಿ ಆಟೋಮ್ಯಾಟಿಕ್ ಬಂದೂಕುಗಳನ್ನು ನಿರ್ಬಂಧಿತ ಆಯುಧಗಳ ಸಾಲಿನಲ್ಲಿ ಇಟ್ಟಿರುವುದರಿಂದ, ಬೆಳೆ ರಕ್ಷಣೆಗೆಂದು ಜಿಲ್ಲಾಧಿಕಾರಿ ಕೊಡುವ ಸಾಮಾನ್ಯ ಪರವಾನಗಿಯಲ್ಲಿ ಅವುಗಳಿಗೆ ಜಾಗವಿಲ್ಲ. ಎರಡನೆಯದಾಗಿ, ಹಕ್ಕಿ ಬೇಟೆಯೇ ಕಾನೂನಿನ ಹೊರಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮೊದಲು ಜಾರಿಗೆ ಬಂದಾಗ ಲೈಸೆನ್ಸ್ ಪಡೆದು ಸಣ್ಣ ಬೇಟೆಯಾಡುವ ಅವಕಾಶವನ್ನು ಉಳಿಸಿಕೊಂಡಿತ್ತು. 1991ರ ತಿದ್ದುಪಡಿ ಆ ಬಾಗಿಲನ್ನು ಮುಚ್ಚಿತು. ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ, ಗಾಯಗೊಳಿಸುವುದು, ಬಲೆಯೊಡ್ಡುವುದು, ಮೊಟ್ಟೆ ತೆಗೆಯುವುದು, ಇವುಗಳಿಗೆ ಪ್ರಯತ್ನಿಸುವುದೂ ಬೇಟೆಯೇ ಎಂದು ಕಾಯ್ದೆ ಹೇಳುತ್ತದೆ. ಶಿರಸಿ ತಾಲ್ಲೂಕಿನ ಸೋಂದೆಯ ಮುಂಡಿಗೆಕೆರೆಯಲ್ಲಿ ಬೆಳ್ಳಕ್ಕಿಗಳು ಮರಿ ಮಾಡುವುದೂ, ನೆರೆಯ ಮುಂಡಗೋಡಿನ ಅತ್ತಿವೇರಿ ಪಕ್ಷಿಧಾಮವಾಗಿ ಉಳಿದಿರುವುದೂ ಈ ನಿಷೇಧದ ನೆರಳಿನಲ್ಲೇ ಎಂಬುದನ್ನು ನೆನೆದರೆ, ಇದನ್ನು ಸಡಿಲಿಸಬೇಕೆಂದು ವಾದಿಸುವವರು ಈ ಸೀಮೆಯಲ್ಲೂ ಹೆಚ್ಚಿರಲಾರರು.

ಹೀಗೆ ಉಳಿಯುವುದು ಕೇಪು ಮತ್ತು ತೋಟಾಗಳ ನಡುವಿನ ಆಯ್ಕೆ. ಇಲ್ಲಿ ಕಾನೂನು ತಟಸ್ಥವಾಗಿಲ್ಲ ಎಂಬುದು ಅನೇಕ ಅರ್ಜಿದಾರರಿಗೆ ತಿಳಿದಿರುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂ, ಪ್ರಾಮಾಣಿಕ ಬೆಳೆ ರಕ್ಷಣೆಗೆಂದು ಅರ್ಜಿ ಹಾಕುವ ನಾಗರಿಕನಿಗೆ ಮೊದಲು ಎತ್ತಿ ಹೇಳುವುದು ನಳಿಗೆಯ ಬಾಯಿಯಿಂದ ತುಂಬುವ ಕೋವಿಯನ್ನೇ. ಸ್ಥಳದ ಪರಿಸ್ಥಿತಿ ನೋಡಿ ಅಂಥ ಕೋವಿ ಸಾಲದು ಎಂದು ಪರವಾನಗಿ ಕೊಡುವ ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ನಯ ನಳಿಗೆಯ, ಎಂದರೆ ಒಳಗೆ ಸುರುಳಿ ಗೀರುಗಳಿಲ್ಲದ, ಬೇರೆ ಕೋವಿಗೆ ಆತ ಅನುಮತಿ ನೀಡಬಹುದು. ಆದ್ದರಿಂದ ತೋಟಾ ಕೋವಿ ಬೇಕೆನ್ನುವವನು ಅದು ಚೆನ್ನಾಗಿದೆ ಎಂದು ಬರೆದರೆ ಸಾಲದು. ಕೇಪಿನದು ತನ್ನ ತೋಟಕ್ಕೆ ಏಕೆ ಸಾಲದು ಎಂಬುದನ್ನು ಅರ್ಜಿಯಲ್ಲಿ ವಿವರಿಸಬೇಕು. ಮಳೆಗಾಲದ ಮಲೆನಾಡಿನಲ್ಲಿ ಆ ವಿವರಣೆ ಕಷ್ಟದ್ದಲ್ಲ.

ಕೇಪಿನ ಕೋವಿಗೆ ಈಡು ತುಂಬುವ ಕ್ರಮವನ್ನು ಗಮನಿಸಿದರೆ ಇದು ಸ್ಪಷ್ಟವಾಗುತ್ತದೆ. ನಳಿಗೆಯನ್ನು ನೇರ ನಿಲ್ಲಿಸಿ, ಅಳತೆಯ ಮಸಿ ಸುರಿದು, ತೆಂಗಿನ ನಾರಿನ ಉಂಡೆಯನ್ನು ಗಜದಿಂದ ಜಡಿದು, ಅದರ ಮೇಲೆ ಚರೆ ಹಾಕಿ, ಚರೆ ಉರುಳದಂತೆ ಮತ್ತೊಂದು ನಾರುಂಡೆ ಜಡಿದು, ಕೊನೆಗೆ ಕುದುರೆಯನ್ನು ಎಳೆದು ಅದರ ಕೆಳಗಿನ ಮೊಲೆಯ ಮೇಲೆ ತಾಮ್ರದ ಪುಟ್ಟ ಕೇಪು ಕೂರಿಸಬೇಕು. ಟ್ರಿಗರ್ ಎಳೆದಾಗ ಕುದುರೆ ಕೇಪಿನ ಮೇಲೆ ಬಡಿದು, ಅದರ ಕಿಡಿ ಸಣ್ಣ ತೂತಿನ ಮೂಲಕ ಮಸಿಗೆ ತಲುಪುತ್ತದೆ. ಪೆಟ್ಲುಪ್ಪು, ಇದ್ದಿಲು, ಗಂಧಕಗಳನ್ನು ಸುಮಾರು 75, 15, 10ರ ಪ್ರಮಾಣದಲ್ಲಿ ಸೇರಿಸಿ ಮಾಡುವ ಮಸಿ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣದ್ದಾದ್ದರಿಂದ, ವರ್ಷಕ್ಕೆ 2,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಈ ಸೀಮೆಯಲ್ಲಿ ಆಷಾಢದ ಬೆಳಗ್ಗೆ ಕೇಪು ಚಟ್ಟೆಂದು ಸಿಡಿದರೂ ಈಡು ಹಾರದಿರುವುದು ತೀರಾ ಸಾಮಾನ್ಯ. ಎಳೆ ಅಡಿಕೆಗೆ ಮಂಗಗಳು ಬೀಳುವುದೂ ಮಳೆಗಾಲದ ದಿನಗಳಲ್ಲೇ. ಒಂದು ಈಡು ಹಾರಿದ ಮೇಲೆ ಮತ್ತೆ ತುಂಬುವಷ್ಟರಲ್ಲಿ ಹಿಂಡು ಪಕ್ಕದ ತೋಟ ಸೇರಿರುತ್ತದೆ. ಹೊಡೆದ ದಿನವೇ ಬಿಸಿನೀರಿನಲ್ಲಿ ನಳಿಗೆ ತೊಳೆದು ಎಣ್ಣೆ ಸವರದಿದ್ದರೆ ಮಸಿಯ ಉಳಿಕೆ ಕಬ್ಬಿಣವನ್ನು ತಿನ್ನತೊಡಗುತ್ತದೆ. ಬೇಸಿಗೆಯದು ಮತ್ತೊಂದು ತೊಂದರೆ: ಉರಿಯುತ್ತಲೇ ಹಾರುವ ನಾರುಂಡೆ ಸೊಪ್ಪಿನ ಬೆಟ್ಟದ ಒಣ ದರಕಿನ ಮೇಲೆ ಬಿದ್ದರೆ ಬೆಟ್ಟಕ್ಕೇ ಬೆಂಕಿ.

ಇಷ್ಟಾದರೂ ಕೇಪಿನ ಕೋವಿಯ ದೊಡ್ಡ ದೋಷ ಇದಾವುದೂ ಅಲ್ಲ. ಒಮ್ಮೆ ತುಂಬಿದ ಈಡನ್ನು ಅದರಿಂದ ಸುಲಭವಾಗಿ ಹೊರತೆಗೆಯಲು ಬರುವುದಿಲ್ಲ. ಹಾರಿಸಿಯೇ ಖಾಲಿ ಮಾಡಬೇಕು, ಇಲ್ಲವೇ ಗಜದ ತುದಿಗೆ ತಿರುಪು ಹಾಕಿ ನಾರನ್ನು ಕೀಳುವ ಅಪಾಯದ ಕೆಲಸಕ್ಕೆ ಇಳಿಯಬೇಕು. ಆದ್ದರಿಂದಲೇ ಮಂಗ ಬಾರದ ದಿನ ಕೋವಿ ತುಂಬಿದ ಸ್ಥಿತಿಯಲ್ಲೇ ಮನೆಯೊಳಗೆ ಬಂದು ಗೂಟಕ್ಕೆ ತೂಗುತ್ತದೆ, ಮಾರನೆಯ ವಾರ ಮನೆಯ ಇನ್ನೊಬ್ಬರು ಅದು ಖಾಲಿ ಎಂದೇ ತಿಳಿದು ಮೇಲಿಂದ ಮತ್ತೊಂದು ಈಡು ತುಂಬುವ ಸಂಭವವೂ ಇರುತ್ತದೆ. ಎರಡು ಈಡಿನ ಒತ್ತಡಕ್ಕೆ ಹಳೆಯ ನಳಿಗೆ ಸೀಳಿದರೆ ಹೋಗುವುದು ಹೊಡೆದವನ ಕೈಬೆರಳುಗಳು. ಅನುಭವಸ್ಥರು ಗಜದ ಮೇಲೆ ಖಾಲಿ ನಳಿಗೆಯ ಆಳಕ್ಕೆ ಒಂದು ಗೀರು ಹಾಕಿಟ್ಟು, ತುಂಬುವ ಮೊದಲು ಅದನ್ನು ಇಳಿಸಿ ನೋಡುವ ಪದ್ಧತಿ ಇಟ್ಟುಕೊಳ್ಳುವುದು ಇದೇ ಕಾರಣಕ್ಕೆ.

ತೋಟಾ ಕೋವಿಯಲ್ಲಿ ಈ ಅನುಮಾನಕ್ಕೆ ಎಡೆಯಿಲ್ಲ: ಮಡಿಸಿದರೆ ನಳಿಗೆಯ ಹಿಂಬಾಯಿ ತೆರೆದುಕೊಂಡು, ತೋಟಾ ಇದೆಯೇ ಇಲ್ಲವೇ ಎಂಬುದು ಕಣ್ಣಿಗೇ ಕಾಣುತ್ತದೆ. 12 ಬೋರ್ ಎಂದರೆ ನಳಿಗೆಯ ಬಾಯಿಯಷ್ಟೇ ಗಾತ್ರದ 12 ಸೀಸದ ಗುಂಡುಗಳು ಸೇರಿ ಒಂದು ಪೌಂಡ್ ತೂಗುತ್ತವೆ ಎಂಬ ಹಳೆಯ ಲೆಕ್ಕ; ಮಿಲಿಮೀಟರಿನಲ್ಲಿ ಅದು ಸುಮಾರು 18.5. ಪುಣೆ ಬಳಿಯ ಖಡಕಿ ಕಾರ್ಖಾನೆಯ ಶಕ್ತಿಮಾನ್ ತೋಟಾಗಳು ನಮ್ಮಲ್ಲಿ ಹೆಚ್ಚು ಪರಿಚಿತ. ತೋಟಾದ ಮೇಲಿನ ಸಂಖ್ಯೆ ಹೆಚ್ಚಿದಷ್ಟೂ ಒಳಗಿನ ಚರೆ ಸಣ್ಣದು ಎಂಬುದನ್ನೂ, ಎಲ್‌ಜಿ, ಎಸ್‌ಜಿ ಎಂದು ಬರೆದ ತೋಟಾಗಳಲ್ಲಿ ಕೆಲವೇ ದಪ್ಪ ಗುಂಡುಗಳಿರುತ್ತವೆ ಎಂಬುದನ್ನೂ ಕೊಳ್ಳುವವನು ತಿಳಿದಿರಬೇಕು. ನಳಿಗೆಯ ತುದಿಯನ್ನು ತುಸು ಕಿರಿದಾಗಿಸಿ ಚರೆ ಬೇಗ ಚದುರದಂತೆ ಮಾಡುವ ಚೋಕ್ ಎಂಬ ವ್ಯವಸ್ಥೆ ಹಾರುವ ಹಕ್ಕಿಗೆ ಗುರಿಯಿಡುವವರಿಗೆ ಮುಖ್ಯ, ತೋಟ ಕಾಯುವವನಿಗೆ ಅಷ್ಟಲ್ಲ. ಬೆಲೆಯಲ್ಲಿ ಮಾತ್ರ ಕೇಪಿನದೇ ಅಗ್ಗ, ಪ್ರತಿ ಈಡಿನ ಖರ್ಚಿನಲ್ಲೂ.

ಜೋಡಿ ನಳಿಗೆ ಬೇಕೇ ಎಂಬುದು ಮುಂದಿನ ಪ್ರಶ್ನೆ. ಬೇಕಿಲ್ಲ. ಅಡಿಕೆ ತೋಟವೆಂದರೆ ಎರಡು ಗುಡ್ಡಗಳ ನಡುವಿನ ಕಣಿವೆ. ಅಂಚಿನಲ್ಲಿ ಮನೆ, ಮೇಲೆ ಸೊಪ್ಪು ಕೊಯ್ಯುವವರು ಓಡಾಡುವ ಬೆಟ್ಟ, ಮಳೆಗಾಲದಲ್ಲಿ ಮದ್ದು ಹೊಡೆಯಲು, ಸುಗ್ಗಿಯಲ್ಲಿ ಕೊನೆ ಇಳಿಸಲು ಮರದ ತುದಿಯಲ್ಲೇ ಇರುವ ಕೊನೆಗೌಡ. 6ನೇ ನಂಬರಿನ ಸಣ್ಣ ಚರೆಯೂ ಸುಮಾರು 200 ಮೀಟರ್ ದೂರ ಹೋಗಿ ಬೀಳಬಲ್ಲದು, ದಪ್ಪ ಗುಂಡು ಅದಕ್ಕಿಂತ ಬಹಳ ಮುಂದೆ ಹೋಗುತ್ತದೆ. ಇಂಥಲ್ಲಿ ಎರಡನೆಯ ಈಡು ಅನುಕೂಲಕ್ಕಿಂತ ಅವಸರವನ್ನೇ ಹೆಚ್ಚಿಸುತ್ತದೆ. ಚರೆ ಬಿದ್ದಲ್ಲಿಗೂ ಅಪಾಯ ಮುಗಿಯುವುದಿಲ್ಲ: ಕೆರೆ, ಗದ್ದೆಗಳಲ್ಲಿ ಉಳಿಯುವ ಸೀಸದ ಚರೆಯನ್ನು ನೀರುಹಕ್ಕಿಗಳು ಹರಳೆಂದು ನುಂಗಿ ವಿಷವೇರಿ ಸಾಯುತ್ತವೆ ಎಂಬ ಕಾರಣಕ್ಕೆ ಅಮೆರಿಕ 1991ರಲ್ಲೇ ಬಾತುಬೇಟೆಯಲ್ಲಿಯೂ, ಐರೋಪ್ಯ ಒಕ್ಕೂಟ 2023ರಿಂದ ಜೌಗು ಪ್ರದೇಶಗಳಲ್ಲಿಯೂ ಸೀಸವನ್ನು ನಿಷೇಧಿಸಿವೆ. ನಮ್ಮ ತೋಟದ ಕಾಲುವೆಗಳಲ್ಲಿ ಅದು ತಲೆಮಾರುಗಳಿಂದ ಬೀಳುತ್ತಲೇ ಇದೆ.

ಕೋವಿ ಯಾವುದಾದರೇನು, ಹೊಡೆಯುವುದು ಯಾವುದಕ್ಕೆ ಎಂಬಲ್ಲಿ ಕಾನೂನುಗಳೆರಡೂ ಒಂದಕ್ಕೊಂದು ಮುಖ ತಿರುಗಿಸಿ ನಿಲ್ಲುತ್ತವೆ. ಒಂದು ಕಾಯ್ದೆ ಬೆಳೆ ರಕ್ಷಣೆಗೆ ಕೋವಿ ಕೊಡುತ್ತದೆ. ಇನ್ನೊಂದು ಕಾಯ್ದೆ ಬೆಳೆ ತಿನ್ನುವ ಪ್ರಾಣಿಯನ್ನು ಮುಟ್ಟಬಾರದೆನ್ನುತ್ತದೆ. 2022ರ ತಿದ್ದುಪಡಿಯ ನಂತರ ನಮ್ಮ ಸಾಮಾನ್ಯ ಮಂಗವೂ ಅತಿ ಹೆಚ್ಚು ರಕ್ಷಣೆಯ ಮೊದಲ ಅನುಸೂಚಿಗೆ ಸೇರಿದೆ. ಆ ಅನುಸೂಚಿಯ ಪ್ರಾಣಿಯನ್ನು ಕೊಂದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸಜೆ. ಕಾಡುಹಂದಿಯಂಥ ಎರಡನೆಯ ಅನುಸೂಚಿಯ ಪ್ರಾಣಿ ನಿಂತ ಬೆಳೆಗೆ ಮಾರಕವಾದರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದವರು ಕಾರಣ ಬರೆದು ಲಿಖಿತ ಅನುಮತಿ ಕೊಡಲು 11ನೇ ಕಲಂನಲ್ಲಿ ಅವಕಾಶವಿದೆ, ಆದರೆ ರಾತ್ರಿ ಗದ್ದೆಗೆ ನುಗ್ಗಿದ ಹಂದಿ ಆದೇಶ ಬರುವವರೆಗೆ ಕಾಯುವುದಿಲ್ಲ. ಕಾನೂನಿನ ಮಾತು ಬದಿಗಿಟ್ಟರೂ ಮಂಗವನ್ನು ಕೊಲ್ಲುವುದು ಬುದ್ಧಿವಂತಿಕೆಯಲ್ಲ: 1957ರಲ್ಲಿ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆ ಸಿದ್ದಾಪುರದಲ್ಲಿ ಈಚೆಗೂ ಜೀವ ತೆಗೆದಿದ್ದು, ಸತ್ತ ಮಂಗದ ಮೈಯಿಂದ ಇಳಿಯುವ ಉಣುಗುಗಳೇ ಅದನ್ನು ಹರಡುತ್ತವೆ. ಹೀಗಾಗಿ ತೋಟದಲ್ಲಿ ಕೋವಿಗೆ ಉಳಿದಿರುವ ಕೆಲಸ ಬಹುಮಟ್ಟಿಗೆ ಸದ್ದಿನದು, ಮತ್ತು ಬರೀ ಸದ್ದಿಗೆ ಚರೆಯಿಲ್ಲದ ಮಸಿ ಈಡು ಧಾರಾಳವಾಗಿ ಸಾಕು.

ಅರ್ಜಿ ಹಾಕುವ ಮೊದಲು ತೋಟ ಎಲ್ಲಿದೆ ಎಂಬುದನ್ನೂ ನೋಡಬೇಕು. ಅಭಯಾರಣ್ಯದ 10 ಕಿಲೋಮೀಟರ್ ವ್ಯಾಪ್ತಿಯಲ್ಲಿ ಹೊಸ ಪರವಾನಗಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವಸಮ್ಮತಿ ಬೇಕೆಂದೂ, ಅಲ್ಲಿ ವಾಸಿಸುವ ಪರವಾನಗಿದಾರರು ಅವರಲ್ಲಿ ಹೆಸರು ನೋಂದಾಯಿಸಬೇಕೆಂದೂ ವನ್ಯಜೀವಿ ಕಾಯ್ದೆಯ 34ನೇ ಕಲಂ ಹೇಳುತ್ತದೆ. ಅಘನಾಶಿನಿ ಕಣಿವೆಯ ಸಿಂಗಳೀಕ ಸಂರಕ್ಷಿತ ಪ್ರದೇಶ 2019ರಲ್ಲಿ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯದೊಳಗೆ ಸೇರಿದ ಮೇಲೆ ಸಿದ್ದಾಪುರದ ಹಲವು ಊರುಗಳಿಗೆ ಈ ಮಾತು ಅನ್ವಯಿಸುತ್ತದೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದಲೇ ವಿನಾಯಿತಿಯಿದ್ದು, ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿದೆ. ಉತ್ತರ ಕನ್ನಡದ ಕೃಷಿಕನಿಗೆ ಅಂಥ ಸೌಲಭ್ಯವಿಲ್ಲ. ಚುನಾವಣೆ ಘೋಷಣೆಯಾದಾಗ ಕೋವಿಯನ್ನು ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ತುಕ್ಕು ಒರೆಸುತ್ತ ಮರಳಿ ತರುವ ಪಾಡು ಅವನಿಗೆ ತಪ್ಪಿಲ್ಲ.

ಅಜ್ಜನ ಕೋವಿ ಗಟ್ಟಿಯಾಗಿದ್ದು ಮಂಗ ಓಡಿಸುವುದಷ್ಟೇ ಉದ್ದೇಶವಾಗಿದ್ದರೆ ಅದನ್ನೇ ಇಟ್ಟುಕೊಳ್ಳುವುದು ಲೇಸು; ಪರವಾನಗಿದಾರ 70 ವರ್ಷ ತಲುಪಿದ್ದರೆ ಅಥವಾ ಕೋವಿಯನ್ನು 25 ವರ್ಷ ಹೊಂದಿದ್ದರೆ ಆತ ಹೆಸರಿಸಿದ ವಾರಸುದಾರ ಪರವಾನಗಿ ಕೇಳಲು 2016ರ ನಿಯಮಗಳಲ್ಲಿ ದಾರಿಯಿದೆ. ಹೊಸದನ್ನೇ ಕೊಳ್ಳುವುದಾದರೆ ಮಳೆಗೂ ಮನೆಮಂದಿಯ ಸುರಕ್ಷತೆಗೂ ಸಲ್ಲುವುದು ಒಂಟಿ ನಳಿಗೆಯ ತೋಟಾ ಕೋವಿ. ಅದಕ್ಕೆ ಅರ್ಜಿ ಬರೆಯುವವರು ಮಳೆಗಾಲದಲ್ಲಿ ಹಾರದ ಈಡಿನ ಜೊತೆಗೆ ಹೊರತೆಗೆಯಲಾಗದ ಈಡಿನ ಅಪಾಯವನ್ನೂ ಕಾರಣವಾಗಿ ನಮೂದಿಸಲಿ, ಮತ್ತು ತೋಟಾವನ್ನು ಕೋವಿಯಿಂದ ದೂರ, ಬೇರೆ ಬೀಗದಲ್ಲಿ ಇಡಲಿ.