ಕುಲುಮೆಯೊಳಗೆ ಇಣುಕೋಕಾಗಲ್ಲ, ಲೆಕ್ಕ ಹಾಕಬಹುದು

ವಡೋದರಾದಲ್ಲಿ ನರ್ಮದಾ ಕಾಲುವೆಯ ಮೇಲೆ 2015ರಿಂದ 10 ಮೆಗಾವಾಟ್ ಸೋಲಾರ್ ಸ್ಥಾವರ ಇದೆ. ಸೂರತ್ ಸುತ್ತಮುತ್ತ ಪ್ಯಾನೆಲ್ ಫ್ಯಾಕ್ಟರಿಗಳಿವೆ. ಆದರೆ ಪ್ಯಾನೆಲ್ ಜೋಡಿಸೋದು ಬೇರೆ, ಅದರೊಳಗಿನ ಸಿಲಿಕಾನ್ ಹರಳು ಬೆಳೆಸೋದು ಬೇರೆ. ಅಹಮದಾಬಾದ್ ಮೂಲದ ಅದಾನಿ ಸಮೂಹ ಮುಂದ್ರಾದಲ್ಲಿ ಏಕಸ್ಫಟಿಕ ಇಂಗಾಟ್ ತಯಾರಿಸಿ ತೋರಿಸಿದ್ದು 2022ರ ಡಿಸೆಂಬರ್‌ನಲ್ಲಿ. ಕೋಡ್ ಬರೆಯೋ ನಮಗೆ ಇದರಲ್ಲೇನು ಕೆಲಸ? ನೋಡೋಣ ಬನ್ನಿ.

ಸಿಲಿಕಾನ್ ಕರಗೋದು 1414 ಡಿಗ್ರಿಯಲ್ಲಿ. ಕರಗಿದ ಮೇಲೆ ನೀರಿಗಿಂತ ಸಲೀಸಾಗಿ ಹರಿಯುತ್ತೆ. ಪಾತ್ರೆಯ ಗೋಡೆ ಬಿಸಿ, ನಡುವಿನ ಹರಳು ಅದಕ್ಕಿಂತ ತಂಪು. ಹಾಗಾಗಿ ದ್ರವ ಗೋಡೆ ಪಕ್ಕ ಮೇಲೇರಿ, ಹರಳಿನ ಕೆಳಗೆ ಇಳಿಯುತ್ತೆ. ಜೊತೆಗೆ ಪಾತ್ರೆಯನ್ನೂ ಹರಳನ್ನೂ ತಿರುಗಿಸ್ತಾರೆ. ಒಳಗೆ ಸುಳಿಯೋ ಸುಳಿ.

ಇನ್ನೊಂದು ತೊಂದರೆ ಇದೆ. ಕಲಾಯಿ ಇಲ್ಲದ ತಾಮ್ರದ ಪಾತ್ರೆಯಲ್ಲಿ ಹುಳಿ ಕುದಿಸಿದರೆ ಪಾತ್ರೆಯೇ ಹುಳಿಗೆ ಇಳಿಯುತ್ತಲ್ಲ, ಹಾಗೇ ಇಲ್ಲಿ ಕ್ವಾರ್ಟ್ಜ್ ಪಾತ್ರೆ ಕರಗಿ ಆಮ್ಲಜನಕ ಸೇರುತ್ತೆ. ಬಹುಪಾಲು ಸಿಲಿಕಾನ್ ಮಾನಾಕ್ಸೈಡ್ ಆವಿಯಾಗಿ ಮೇಲೆ ಬರುತ್ತೆ. ಮೇಲಿಂದ ಬಿಡೋ ಆರ್ಗಾನ್ ಅನಿಲ ಅದನ್ನು ಹೊತ್ತೊಯ್ಯಬೇಕು. ಆವಿ ಬಿಸಿ ಗ್ರಾಫೈಟ್‌ಗೆ ತಾಗಿದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತೆ. ಅದು ವಾಪಸ್ ಬಂದರೆ ಸಿಲಿಕಾನ್‌ಗೆ ಇಂಗಾಲ ಸೇರುತ್ತೆ. ಬೋರಾನ್ ಬೆರೆಸಿದ ಹರಳಿನಲ್ಲಿ ಆಮ್ಲಜನಕ ಹೆಚ್ಚಾದರೆ, ಪ್ಯಾನೆಲ್ ಬಿಸಿಲು ಕಂಡ ಶುರುವಿನಲ್ಲೇ ಸ್ವಲ್ಪ ಶಕ್ತಿ ಕಳೆದುಕೊಳ್ಳುತ್ತೆ. ನಷ್ಟ ನಿಮ್ಮ ತಾರಸಿ ಮೇಲೆ!

ಹಾಗಾದರೆ ಆರ್ಗಾನ್ ಜಾಸ್ತಿ ಬಿಟ್ಟರೆ ಆಯ್ತಲ್ಲ? ಆಗಲ್ಲ. ಗಾಳಿ ಬೀಸಿದ ಹಾಗೆ ಅದು ದ್ರವದ ಮೇಲ್ಮೈಯನ್ನು ತಳ್ಳುತ್ತೆ, ತಣಿಸುತ್ತೆ. ಒಳಗಿನ ಹರಿವೇ ಬದಲಾಗುತ್ತೆ. ಖರ್ಚೂ ಏರುತ್ತೆ. ಒಂದೊಂದು ಊಹೆಗೂ ಒಂದೊಂದು ಇಂಗಾಟ್ ಬಲಿ ಕೊಡೋಕಾಗಲ್ಲ.

ಇಲ್ಲೇ ಕಂಪ್ಯೂಟರ್ ಬೇಕಾಗೋದು. ಕುಲುಮೆಯ ಜಾಗವನ್ನು ಸಣ್ಣ ಸಣ್ಣ ಕೋಶಗಳಾಗಿ ಹೆಚ್ಚಿ, ಪ್ರತಿ ಕೋಶದಲ್ಲೂ ವೇಗ, ಒತ್ತಡ, ಶಾಖ, ಆಮ್ಲಜನಕದ ಲೆಕ್ಕ ಇಡ್ತಾರೆ. ದ್ರವದ ಲೆಕ್ಕ ಅನಿಲಕ್ಕೆ, ಅನಿಲದ್ದು ದ್ರವಕ್ಕೆ ಕೊಟ್ಟು, ಎರಡೂ ಒಪ್ಪೋವರೆಗೆ ಸುತ್ತಿಸಬೇಕು.

ಬಣ್ಣಬಣ್ಣದ ಚಿತ್ರ ಬಂತು ಅಂತ ಮಾತ್ರ ನಂಬಬೇಡಿ. ಕೊಯ್ದ ಹರಳಿನಲ್ಲಿ ಇನ್ಫ್ರಾರೆಡ್ ಕಿರಣದಿಂದ ಆಮ್ಲಜನಕ ಅಳೆದು, ಮಾಡೆಲ್ ಹೇಳಿದ್ದಕ್ಕೆ ತಾಳೆ ನೋಡಬೇಕು. ತಾಳೆಯಾಗದಿದ್ದರೆ ತಪ್ಪು ನಮ್ಮದು, ಹರಳಿನದಲ್ಲ.

ಕೈ ಪಳಗಿಸೋಕೆ ಓಪನ್‌ಫೋಮ್ ಉಚಿತವಾಗಿ ಸಿಗುತ್ತೆ. ಮೊದಲು ಒಂದು ಪೆಟ್ಟಿಗೆ ಮಾಡಿ: ಒಂದು ಗೋಡೆ ಬಿಸಿ, ಎದುರಿನದು ತಣ್ಣಗೆ. ಅದರಲ್ಲಿ ಸುತ್ತೋ ಸುಳಿ ಅರ್ಥವಾದರೆ ಕುಲುಮೆಯ ಅರ್ಧ ದಾರಿ ಸಾಗಿದಂತೆ. ಪ್ರಶ್ನೆ ಇದ್ದರೆ ಕೇಳಿ, ಮತ್ತೆ ಸಿಗೋಣ.