ಹಲ್ಲು ಬರುವ ಕಂದನಿಗೆ ಉಣಿಸುವ ಹೊತ್ತು

ಆರು ತಿಂಗಳು ತುಂಬಿದ ಕೂಸು ಹಸಿವಿನಿಂದ ಅಳುತ್ತದೆ. ತಾಯಿ ಎದೆಗೆ ಹಿಡಿದರೆ ಎರಡು ಗುಟುಕು ಕುಡಿದು, ಬಾಯಿ ಬಿಟ್ಟು ಮತ್ತೆ ಚೀರುತ್ತದೆ. ರಾಗಿ ಸರಿಯ ಚಮಚವನ್ನು ತುಟಿಗೆ ಸೋಕಿಸಿದರೆ ಮುಖ ತಿರುಗಿಸುತ್ತದೆ. ತುಮಕೂರು ನಗರದ ಮನೆಯಾಗಲಿ, ಗುಬ್ಬಿ, ಕುಣಿಗಲ್ ಸೀಮೆಯ ಹಳ್ಳಿಯ ಮನೆಯಾಗಲಿ, ಆಗ ಹಿರಿಯರ ಬಾಯಿಂದ ಬರುವ ಮಾತು ಒಂದೇ: "ಹಲ್ಲು ಬರ್ತಿದೆ, ಅದಕ್ಕೇ ಹಾಗಾಡ್ತದೆ." ಈ ಮಾತು ಬಹುಮಟ್ಟಿಗೆ ನಿಜ. ಆದರೆ ಅದನ್ನೇ ಜ್ವರಕ್ಕೂ ಭೇದಿಗೂ ಹೇಳಿ ಸುಮ್ಮನಾದರೆ ಕೂಸಿನ ಪ್ರಾಣಕ್ಕೇ ಕುತ್ತು ಬರಬಹುದು. ಹಲ್ಲು ಯಾವುದಕ್ಕೆ ಕಾರಣ, ಯಾವುದಕ್ಕೆ ಅಲ್ಲ ಎಂಬುದನ್ನು ಆದುದರಿಂದ ಬೇರ್ಪಡಿಸಿ ತಿಳಿಯಬೇಕಾಗಿದೆ.

ಹಾಲುಹಲ್ಲುಗಳು ಒಟ್ಟು 20. ಸಾಮಾನ್ಯವಾಗಿ ಆರನೆಯ ತಿಂಗಳ ಆಸುಪಾಸಿನಲ್ಲಿ ಕೆಳದವಡೆಯ ನಡುವಿನ ಎರಡು ಬಾಚಿಹಲ್ಲುಗಳು ಮೊದಲು ಮೂಡುತ್ತವೆ. ಮೂರು ವರ್ಷ ತುಂಬುವುದರೊಳಗೆ ಉಳಿದವೂ ಬಂದಿರುತ್ತವೆ. ಹಲ್ಲು ಮೇಲೇಳುವಾಗ ವಸಡು ಊದಿ ನೋಯುತ್ತದೆ. ಸುಮ್ಮನಿರುವಾಗ ಸಹಿಸಬಹುದಾದ ಆ ನೋವು ಚೀಪುವಾಗ, ಚಮಚದ ಅಂಚು ತಾಗುವಾಗ ಕೆರಳುತ್ತದೆ. ಉಣಿಸುವ ಹೊತ್ತಿನಲ್ಲೇ ಅಳು ಹೆಚ್ಚುವುದು ಇದರಿಂದ. ಅಮೆರಿಕದಲ್ಲಿ 125 ಶಿಶುಗಳನ್ನು ದಿನದಿನವೂ ಗಮನಿಸಿ 2000ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ ಈ ತೊಂದರೆಯ ಅವಧಿ ಸುಮಾರು ಎಂಟು ದಿನ: ಹಲ್ಲು ಕಾಣುವ ಮುನ್ನ ನಾಲ್ಕು, ಕಾಣುವ ದಿನ, ಅನಂತರ ಮೂರು. ಜೊಲ್ಲು, ಕಚ್ಚುವ ಚಪಲ, ಕಿರಿಕಿರಿ ಹಾಗೂ ಗಟ್ಟಿ ಆಹಾರದಲ್ಲಿ ನಿರಾಸಕ್ತಿ ಆ ದಿನಗಳಲ್ಲಿ ಹೆಚ್ಚಾಗಿ ಕಂಡವು. ದ್ರವಾಹಾರದ ಹಸಿವು ಕುಗ್ಗಲಿಲ್ಲ. ತೀವ್ರ ಜ್ವರವೂ ಹಲ್ಲಿನೊಡನೆ ಬರಲಿಲ್ಲ.

ಹೀಗಿರುವುದರಿಂದ ನೋವಿನ ಉಪಶಮನವು ಉಣಿಸುವುದಕ್ಕೆ ಮೊದಲೇ ನಡೆಯಬೇಕು. ಹಾಲೂಡಿಸುವ ಐದು ಹತ್ತು ನಿಮಿಷ ಮುಂಚೆ ತಾಯಿಯೋ ಅಜ್ಜಿಯೋ ಸಾಬೂನಿನಿಂದ ಕೈ ತೊಳೆದು, ಉಗುರು ತಾಗದಂತೆ ಬೆರಳಿನಿಂದ ವಸಡನ್ನು ಮೆಲ್ಲನೆ ಒತ್ತಿ ಉಜ್ಜಬೇಕು. ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿ ಹಿಂಡಿದ ಶುಭ್ರವಾದ ಹತ್ತಿಬಟ್ಟೆಯನ್ನು ಕಚ್ಚಲು ಕೊಡಬಹುದು. ತುದಿ ದೊಡ್ಡವರ ಕೈಯಲ್ಲೇ ಇರಲಿ. ಫ್ರಿಜ್ ಇರುವ ಮನೆಯಲ್ಲಿ ಬಟ್ಟೆಯನ್ನು ಕೆಳಗಿನ ಅರೆಯಲ್ಲಿಟ್ಟು ತಂಪು ಮಾಡಬಹುದು, ಹೆಪ್ಪುಗಟ್ಟಿಸುವುದು ಬೇಡ: ಮಂಜುಗಡ್ಡೆಯಂತಾದದ್ದು ವಸಡಿಗೆ ಗಾಯ ಮಾಡುತ್ತದೆ. ಫ್ರಿಜ್ ಇಲ್ಲದಿದ್ದರೆ ಮಣ್ಣಿನ ಹೂಜಿಯಲ್ಲಿ ಆರಿಸಿದ ನೀರಿನ ತಂಪೇ ಸಾಕು. ಕಚ್ಚಲೆಂದು ಕೊಬ್ಬರಿ ಹೋಳು, ಗಜ್ಜರಿ ಕೊಡುವವರಿದ್ದಾರೆ. ಮುರಿದ ಚೂರು ಶ್ವಾಸನಾಳಕ್ಕೆ ಸಿಕ್ಕಿಕೊಳ್ಳುವ ಭಯ ಇರುವುದರಿಂದ ಅದು ಸಲ್ಲದು. ಹಲ್ಲು ಸಲೀಸಾಗಿ ಬರಲೆಂದು ಕೊರಳಿಗೆ ಕಟ್ಟುವ ಮಣಿಸರವೂ ಬೇಡ.

ಎದೆಹಾಲು ಕುಡಿಯುವ ಕೂಸು ಕಚ್ಚಿತೆಂದು ಹಾಲು ಬಿಡಿಸುವ ತಾಯಂದಿರುಂಟು. ಅವಸರದ ನಿರ್ಧಾರವದು. ಕೂಸು ನಿಜವಾಗಿ ಹಾಲು ಹೀರುವಾಗ ಅದರ ನಾಲಿಗೆ ಕೆಳವಸಡನ್ನು ಮುಚ್ಚಿರುತ್ತದೆ. ಆಗ ಕಚ್ಚಲು ಆಗದು. ಹೊಟ್ಟೆ ತುಂಬಿ ಆಟಕ್ಕಿಳಿದಾಗಲೇ ಕಚ್ಚುವುದು ಹೆಚ್ಚು. ಹೀರುವ ಲಯ ನಿಂತದ್ದು ಕಂಡೊಡನೆ ಕಿರುಬೆರಳನ್ನು ಬಾಯಿಯ ಅಂಚಿನಿಂದ ವಸಡುಗಳ ನಡುವೆ ಸರಿಸಿ ತೊಟ್ಟನ್ನು ಬಿಡಿಸಿಕೊಳ್ಳಬೇಕು. ಎಳೆದರೆ ತೊಟ್ಟಿಗೇ ಗಾಯ. ಗದರಿಸಿದರೆ ಕೂಸು ಬೆದರಿ ಮರುದಿನ ಎದೆಯನ್ನೇ ಒಲ್ಲೆನ್ನಬಹುದು.

ರಾಗಿ ಸರಿಯನ್ನು ಬಿಸಿಬಿಸಿಯಾಗಿ ಉಣಿಸದೆ ಆರಿಸಿ, ಸ್ವಲ್ಪ ತೆಳುವಾಗಿ ಕೊಟ್ಟರೆ ವಸಡಿಗೆ ಹಿತ. ಮಸೆದ ಬಾಳೆಹಣ್ಣು, ಮೊಸರನ್ನ ನಯವಾಗಿ ಇಳಿಯುತ್ತವೆ. ಒಳಲೆಯ ಮೂತಿ ನೊಂದ ವಸಡಿಗೆ ಒತ್ತುವುದು. ಮಲಗಿಸಿ ಒಳಲೆಯಿಂದ ಸುರಿದರೆ ನೆತ್ತಿಗೇರುವುದೂ ಉಂಟು. ಕೂರಿಸಿಕೊಂಡು ಚಿಕ್ಕ ಬಟ್ಟಲಿನಿಂದಲೋ ಅಂಚು ನುಣುಪಾದ ಚಮಚದಿಂದಲೋ ಕುಡಿಸುವುದು ಲೇಸು. ನಾಲ್ಕು ದಿನ ಸರಿ ಕಡಿಮೆ ತಿಂದರೂ ಚಿಂತಿಸಬೇಕಾಗಿಲ್ಲ, ಎದೆಹಾಲು ಹೆಚ್ಚು ಸಲ ಸಿಗುತ್ತಿರಲಿ.

ಇನ್ನು ಭೇದಿಯ ಮಾತು. ವಾಗ್ಭಟನ ಅಷ್ಟಾಂಗಹೃದಯವು ಹಲ್ಲು ಮೂಡುವುದನ್ನು ಎಲ್ಲ ರೋಗಗಳಿಗೂ ಕಾರಣವೆಂದು ಹೇಳಿತು. ಜನರ ನಂಬಿಕೆ ಎಷ್ಟು ಹಳೆಯದೆಂಬುದಕ್ಕೆ ಇದು ಸಾಕ್ಷಿ. ಅದೇ ಗ್ರಂಥ, ಹಲ್ಲು ಬಂದ ಮೇಲೆ ಈ ಬಾಧೆಗಳು ತಾವಾಗಿ ಶಮನವಾಗುವುದರಿಂದ ಮಗುವನ್ನು ಕಟ್ಟುಪಾಡುಗಳಿಂದ ಅತಿಯಾಗಿ ಬಾಧಿಸಬಾರದೆಂದೂ ಹೇಳಿದೆ. ಅದನ್ನು ಮಾತ್ರ ನಾವು ಮರೆತಿದ್ದೇವೆ! ಇಂದಿನ ವೈದ್ಯಶಾಸ್ತ್ರವು ಮೊದಲ ಮಾತನ್ನು ಒಪ್ಪುವುದಿಲ್ಲ. ತಾಯಿಯಿಂದ ಬಂದ ರೋಗನಿರೋಧಕ ಶಕ್ತಿ ಕುಗ್ಗುವುದು, ಕೂಸು ಅಂಬೆಗಾಲಿಕ್ಕಿ ಸಿಕ್ಕಿದ್ದನ್ನೆಲ್ಲ ಬಾಯಿಗಿಡುವುದು, ಹೊರ ಆಹಾರ ಆರಂಭವಾಗುವುದು, ಹಲ್ಲು ಬರುವುದು, ಇವೆಲ್ಲ ಒಂದೇ ಕಾಲಕ್ಕೆ ಕೂಡಿಬರುತ್ತವೆ. ಭೇದಿ ಆಗುವುದು ರೋಗಾಣುಗಳಿಂದ. ಅಪರಾಧ ಹಲ್ಲಿನ ಮೇಲೆ ಬೀಳುತ್ತದೆ.

ನೀರಾಗಿ ಭೇದಿಯಾದರೆ ಎದೆಹಾಲನ್ನೂ ಆಹಾರವನ್ನೂ ನಿಲ್ಲಿಸದೆ, ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ಶುದ್ಧ ನೀರಿಗೆ ಬೆರೆಸಿ, ಪ್ರತಿ ಭೇದಿಯ ಬಳಿಕ 50ರಿಂದ 100 ಮಿಲಿಲೀಟರಿನಷ್ಟು ಚಮಚ ಚಮಚವಾಗಿ ಕುಡಿಸಬೇಕು. ಆರು ತಿಂಗಳು ದಾಟಿದ ಕೂಸಿಗೆ ದಿನಕ್ಕೆ 20 ಮಿಲಿಗ್ರಾಂ ಜಿಂಕ್ ಅನ್ನು 14 ದಿನ ಕೊಡುವುದು ಕ್ರಮ. ಇದನ್ನು ಆಶಾ ಕಾರ್ಯಕರ್ತೆಯರಲ್ಲಿ ವಿಚಾರಿಸಬಹುದು. ಕಣ್ಣು ಗುಳಿ ಬಿದ್ದರೆ, ಆರು ಗಂಟೆ ಮೂತ್ರವಾಗದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಕೂಸು ಕುಡಿಯಲೂ ಆಗದಷ್ಟು ಸೊರಗಿದರೆ ತಡಮಾಡದೆ ಗುಬ್ಬಿ, ಕುಣಿಗಲ್‌ನವರು ತಾಲ್ಲೂಕು ಆಸ್ಪತ್ರೆಗೆ, ತುಮಕೂರಿನವರು ಜಿಲ್ಲಾ ಆಸ್ಪತ್ರೆಗೆ ಒಯ್ಯಬೇಕು. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಅದನ್ನು ಹಲ್ಲಿನ ಜ್ವರವೆಂದು ಕರೆಯದೆ ವೈದ್ಯರಿಗೆ ತೋರಿಸಬೇಕು.

ಔಷಧದ ಅಂಗಡಿಯಲ್ಲಿ ಕೇಳಿ ತರುವ, ವಸಡು ಮರಗಟ್ಟಿಸುವ ಜೆಲ್‌ಗಳಿಂದ ದೂರವಿರಬೇಕು. ಅವುಗಳಲ್ಲಿ ಕೆಲವದರಲ್ಲಿರುವ ಬೆಂಜೊಕೇನ್ ರಕ್ತದ ಆಮ್ಲಜನಕ ಸಾಗಿಸುವ ಶಕ್ತಿಯನ್ನೇ ಕುಂದಿಸಬಲ್ಲದು. ಎರಡು ವರ್ಷದೊಳಗಿನ ಮಕ್ಕಳಿಗೆ ಇದನ್ನು ಬಳಸಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಎಚ್ಚರಿಸಿತು. ಮರಗಟ್ಟಿದ ಬಾಯಿಯಲ್ಲಿ ಹಾಲು ನುಂಗುವುದೂ ಕಷ್ಟ. ಜೇನುತುಪ್ಪವನ್ನು ವಸಡಿಗೆ ಸವರುವುದು ಒಂದು ವರ್ಷ ತುಂಬುವವರೆಗೆ ನಿಷಿದ್ಧ. ಅದರಲ್ಲಿರಬಹುದಾದ ಬೀಜಾಣುಗಳು ಎಳೆಯ ಕರುಳಿನಲ್ಲಿ ಬೆಳೆದು ಸ್ನಾಯುಗಳನ್ನು ನಿತ್ರಾಣಗೊಳಿಸುವ ವಿಷವನ್ನು ಉಂಟುಮಾಡುತ್ತವೆ. ಬಜೆ ತೇಯ್ದು ನೆಕ್ಕಿಸುವ ರೂಢಿಯೂ ವಾಂತಿಗೆ ದಾರಿಯಾಗಬಹುದು.

ನೋವು ತೀರಾ ಹೆಚ್ಚಿ ಕೂಸು ಕುಡಿಯದಿದ್ದರೆ ವೈದ್ಯರು ತೂಕ ನೋಡಿ ಪ್ಯಾರಾಸಿಟಮಾಲ್ ಬರೆದುಕೊಡುತ್ತಾರೆ. ಇಲ್ಲೊಂದು ಎಚ್ಚರ: ಹನಿಗಳ ಬಾಟಲಿಯಲ್ಲಿ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 100 ಮಿಲಿಗ್ರಾಂ ಔಷಧವಿದ್ದರೆ, ಸಿರಪ್ಪಿನ ಒಂದು ಬಗೆಯಲ್ಲಿ ಐದು ಮಿಲಿಲೀಟರಿಗೆ 120 ಮಿಲಿಗ್ರಾಂ ಇರುತ್ತದೆ. ಅಂದರೆ ಹನಿಯ ಔಷಧ ನಾಲ್ಕು ಪಟ್ಟಿಗೂ ಹೆಚ್ಚು ತೀಕ್ಷ್ಣ. ಒಂದರ ಅಳತೆಯಲ್ಲಿ ಇನ್ನೊಂದನ್ನು ಹಾಕಿದರೆ ಯಕೃತ್ತಿಗೆ ಅಪಾಯ. ನೆರೆಮನೆಯ ಕೂಸಿನ ಬಾಟಲಿಯನ್ನು ಎರವಲು ತರಬಾರದು. ಬರೆದುಕೊಟ್ಟ ಬಾಟಲಿಯೊಡನೆ ಬಂದ ಅಳತೆಯ ಸಾಧನದಿಂದಲೇ, ಉಣಿಸುವುದಕ್ಕೆ ಅರ್ಧ ಗಂಟೆ ಮೊದಲು ಕೊಟ್ಟರೆ ಕೂಸು ನೆಮ್ಮದಿಯಿಂದ ಹಾಲು ಕುಡಿಯುತ್ತದೆ.